ಜೀನುಗಳ ಸಾಕ್ಷ್ಯ ಮತ್ತು ರೋಗಿಯ ಆಯುಷ್ಯ

ಕ್ಯಾನ್ಸರ್ ರೋಗಗಳಲ್ಲೆಲ್ಲ ಅತ್ಯಂತ ಹೆಚ್ಚು ಜನರನ್ನು ಬಲಿ ತೆಗೆದುಕೊಳ್ಳುವುದು ಶ್ವಾಸಕೋಶದ ಕ್ಯಾನ್ಸರು. 2022ರಲ್ಲಿ ಜಗತ್ತಿನಾದ್ಯಂತ ಸುಮಾರು 18 ಲಕ್ಷ ಮಂದಿ ಇದರಿಂದ ಮಡಿದರು. ಒಂದೇ ಹಂತದ ರೋಗವುಳ್ಳ, ಒಂದೇ ಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬನು ಬೇಗನೆ ತೀರಿಕೊಳ್ಳುವುದೂ ಮತ್ತೊಬ್ಬನು ಹಲವು ವರ್ಷ ಬದುಕುವುದೂ ಉಂಟು. ಈ ಭೇದವನ್ನು ಮುಂಚೆಯೇ ಅರಿಯುವುದು ಸಾಧ್ಯವೆ?

ಕ್ಯಾನ್ಸರ್ ಗಂತಿಯೆಂಬುದು ಕೆಟ್ಟ ಜೀವಕೋಶಗಳ ರಾಶಿ ಮಾತ್ರವಲ್ಲ. ದೇಹವನ್ನು ಕಾಯುವ ಬಿಳಿಯ ರಕ್ತಕಣಗಳೂ ಅದರೊಳಗೆ ನುಗ್ಗಿರುತ್ತವೆ. ಕ್ಯಾನ್ಸರ್ ಕೋಶಗಳು ಅವುಗಳ ಕಾರ್ಯಕ್ಕೆ ತಡೆಯೊಡ್ಡಬಲ್ಲವು. ಆ ತಡೆಯನ್ನು ಬಿಡಿಸುವ ಚಿಕಿತ್ಸೆಗೆ ದಾರಿ ತೋರಿದ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇವರಿಗೆ 2018ರ ನೊಬೆಲ್ ಪಾರಿತೋಷಕ ದೊರೆಯಿತು. ಹೋರಾಟದ ಸ್ಥಿತಿಯನ್ನು ತಿಳಿಸುವ ಸಾಕ್ಷಿಗಳೆಂದರೆ ರೋಗನಿರೋಧಕ್ಕೆ ಸಂಬಂಧಿಸಿದ ಜೀನುಗಳು. ಮಾನವನ ಸುಮಾರು 20,000 ಜೀನುಗಳಲ್ಲಿ ಇಂಥವು ಸಾವಿರಕ್ಕೂ ಮಿಕ್ಕಿವೆ.

ಗಂತಿಯ ಚೂರಿನಲ್ಲಿ ಯಾವ ಜೀನು ಎಷ್ಟು ಚುರುಕಾಗಿದೆ ಎಂಬುದನ್ನು, ಅದರಿಂದ ಹೊರಟ ಆರ್‌ಎನ್‌ಎಯ ಪರಿಮಾಣದಿಂದ ಅಳೆಯುವರು. ಬಳಿಕ ಡೇವಿಡ್ ಕಾಕ್ಸ್ 1972ರಲ್ಲಿ ರೂಪಿಸಿದ ಗಣಿತಕ್ರಮದ ನೆರವಿನಿಂದ, ರೋಗಿಗಳ ಆಯುಷ್ಯದೊಡನೆ ಸಂಬಂಧ ತೋರುವ ಕೆಲವೇ ಜೀನುಗಳನ್ನು ಆರಿಸುವರು. ಒಂದೊಂದಕ್ಕೂ ತಕ್ಕ ತೂಕವನ್ನು ಕೊಟ್ಟು ಕೂಡಿದರೆ ಒಂದು ಅಂಕ ಬರುವುದು. ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಆದರೆ ಸಾವಿರಾರು ಜೀನುಗಳನ್ನು ಕೆಲವು ನೂರು ರೋಗಿಗಳಲ್ಲಿ ಹೋಲಿಸಿ ನೋಡಿದಾಗ, ಕೆಲವು ಜೀನುಗಳು ಆಕಸ್ಮಿಕವಾಗಿಯೇ ಹೊಂದಿಬರುವುವು. ಆದುದರಿಂದ ಸೂತ್ರವನ್ನು ಬೇರೆ ರೋಗಿಗಳಲ್ಲಿ ಪರೀಕ್ಷಿಸಲೇಬೇಕು. ಬೇಲೂರು ಮಲೆನಾಡಿನ ಸೆರಗಿನಲ್ಲಿದೆ. ಹಳೇಬೀಡನ್ನು ದಾಟಿ ಅರಸೀಕೆರೆಗೆ ಬರುವಷ್ಟರಲ್ಲಿ ಕಾಫಿ ತೋಟಗಳು ಮರೆಯಾಗಿ ತೆಂಗು, ರಾಗಿಗಳ ಬಯಲುಸೀಮೆ ಬರುತ್ತದೆ. ಬೇಲೂರಿನ ಮಳೆಯಿಂದ ಕಟ್ಟಿದ ಬೆಳೆಯ ಲೆಕ್ಕ ಅರಸೀಕೆರೆಗೆ ಒಪ್ಪೀತೆ? ಇಂಥ ಹಲವು ಸೂತ್ರಗಳಿಗೆ ಆಧಾರವಾದುದು 2006ರಲ್ಲಿ ಅಮೆರಿಕೆಯಲ್ಲಿ ಆರಂಭವಾದ ಕ್ಯಾನ್ಸರ್ ಜೀನುಗಳ ಸಂಗ್ರಹ. ಅದರಲ್ಲಿ ಬಿಳಿಯರೇ ಹೆಚ್ಚು. ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಮಾರ್ಪಾಡಾದರೋ ಯೂರೋಪಿಯನರಿಗಿಂತ ಏಷ್ಯದವರಲ್ಲಿ ಹೆಚ್ಚು. ಆದ್ದರಿಂದ ನಮ್ಮ ಜನರಲ್ಲಿಯೇ ಪರೀಕ್ಷೆ ನಡೆಯಬೇಕು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯು 1982ರಿಂದ ಆ ನಗರದ ಕ್ಯಾನ್ಸರ್ ರೋಗಿಗಳ ದಾಖಲೆಯನ್ನಿಡುತ್ತ ಬಂದಿದೆ. ಅಂಥ ದಾಖಲೆಗಳೊಡನೆ ಜೀನುಗಳ ಅಳತೆಯೂ ರೋಗಿಗಳ ಮುಂದಿನ ವೃತ್ತಾಂತವೂ ಕೂಡಿದರೆ ಸೂತ್ರದ ಬೆಲೆ ತಿಳಿದೀತು.

ಇನ್ನೊಂದು ಮಾತು. ರೇಡಿಯಮ್ಮಿನ ಅರ್ಧಾಂಶ ಸುಮಾರು 1,600 ವರ್ಷಗಳಲ್ಲಿ ಕ್ಷಯಿಸುವುದೆಂದು ಭೌತಶಾಸ್ತ್ರ ಹೇಳಬಲ್ಲದು; ಯಾವ ಪರಮಾಣು ಎಂದು ಒಡೆಯುವುದೆಂದು ಹೇಳಲಾರದು. ಈ ಅಂಕವೂ ಹಾಗೆಯೇ: ಗುಂಪಿನ ಮಾತನ್ನು ನುಡಿಯುತ್ತದೆ, ವ್ಯಕ್ತಿಯ ಹಣೆಬರಹವನ್ನಲ್ಲ. ಯಾರಿಗೆ ಯಾವ ಚಿಕಿತ್ಸೆ ತಕ್ಕುದೆಂದು ವೈದ್ಯನು ಆಲೋಚಿಸುವುದಕ್ಕೆ ಅದು ನೆರವಾಗಬೇಕೇ ಹೊರತು, ರೋಗಿಯ ಆಸೆಯನ್ನು ಕಸಿಯುವುದಕ್ಕಲ್ಲ.