ಚರ್ಮಗಂಟು ರೋಗ: ದನದ ಕಣ್ಣನ್ನೂ ನೋಡಿರಿ

ಹಿಂಗಾರಿ ಜೋಳ ಬಿತ್ತುವ ಹದ ಬಂದಾಗ ಜೋಡಿಯಲ್ಲಿ ಒಂದು ಎತ್ತಿನ ಕಣ್ಣು ಕೆಟ್ಟರೆ ಕೂರಿಗೆ ನಿಂತಂತೆಯೇ. ಸಿಂದಗಿ ತಾಲೂಕಿನ ಯಂಕಂಚಿಯಲ್ಲಾಗಲಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಕಡೆಯಲ್ಲಾಗಲಿ ಎತ್ತಿನ ಬೇಸಾಯ ಮಾಡುವ ರೈತ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಕಣ್ಣು ಕೆಡಿಸುವ ಬೇನೆಗಳಲ್ಲಿ ಚರ್ಮಗಂಟು ರೋಗವೂ ಒಂದು.

ಭಾರತದಲ್ಲಿ 2019ರಲ್ಲಿ ಕಂಡ ಈ ರೋಗ ಮರುವರ್ಷ ಕರ್ನಾಟಕಕ್ಕೂ ಬಂತು. 2022ರಲ್ಲಿ ರಾಜ್ಯದಲ್ಲಿ ಬಹಳ ಹಬ್ಬಿತು. ಕುರಿ, ಮೇಕೆಗಳ ಸಿಡುಬಿನ ಗುಂಪಿಗೆ ಸೇರಿದ ವಿಷಾಣು ಇದಕ್ಕೆ ಕಾರಣ. ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳು ಇದನ್ನು ಹರಡುತ್ತವೆ. ಮೊದಲು ಜ್ವರ, ಕಣ್ಣು ಮೂಗಿನಲ್ಲಿ ನೀರು; ಆಮೇಲೆ ಮೈಮೇಲೆ 2ರಿಂದ 5 ಸೆಂ.ಮೀ. ಗಾತ್ರದ ಗಂಟುಗಳು. ಎಲ್ಲರ ಲಕ್ಷ್ಯವೂ ಈ ಗಂಟುಗಳ ಮೇಲೆಯೇ ಇರುತ್ತದೆ. ಆದರೆ ಗಂಟು ರೆಪ್ಪೆಯ ಮೇಲೂ ಅದರ ಒಳಪೊರೆಯಲ್ಲೂ ಏಳಬಹುದು. ಅದು ಒಡೆದು ಹುಣ್ಣಾದಾಗ ಕೀವು ಮಾಡುವ ರೋಗಾಣುಗಳು ಸೇರಿಕೊಳ್ಳುತ್ತವೆ. ರೆಪ್ಪೆ ಅಂಟುತ್ತದೆ, ದನ ಬಿಸಿಲಿಗೆ ಕಣ್ಣು ಬಿಡಲಾರದು. ಕರಿಗುಡ್ಡೆಯ ಮೇಲಿನ ತಿಳಿಪೊರೆ ಮಬ್ಬಾಗಿ ಬೆಳ್ಳಗಾಗುತ್ತದೆ. 'ಕಣ್ಣಿಗೆ ಹೂ ಬಿತ್ತು' ಎನ್ನುವುದು ಇದಕ್ಕೇ. ಆ ಪೊರೆಯ ಹುಣ್ಣು ಆಳಕ್ಕಿಳಿದರೆ ದೃಷ್ಟಿಯೇ ಹೋದೀತು.

ಆದ್ದರಿಂದ ರೋಗ ಬಿದ್ದ ದನದ ಕಣ್ಣನ್ನು ದಿನಕ್ಕೆರಡು ಸಲ ತಪ್ಪದೆ ನೋಡಿರಿ. ನೀರು ಸೋರಿ ಕಣ್ಣು ಮುಚ್ಚಿಕೊಂಡರೆ, ಮಬ್ಬು ಕಂಡರೆ, ಗಂಟು ಒಣಗಲೆಂದು ಕಾಯದೆ ಅಂದೇ ಪಶುವೈದ್ಯರನ್ನು ಕರೆಯಿರಿ. 1962ಕ್ಕೆ ಫೋನು ಮಾಡಬಹುದು. ಅವರು ಬರುವತನಕ, ಕುದಿಸಿ ಆರಿಸಿದ 1 ಲೀಟರ್ ನೀರಿಗೆ 9 ಗ್ರಾಂ ಉಪ್ಪು ಕರಗಿಸಿ ಶುದ್ಧ ಹತ್ತಿಯಿಂದ ಕೀವು ಒರೆಸಿರಿ. ಒಂದು ಕಣ್ಣಿಗೆ ಬಳಸಿದ ಹತ್ತಿ ಇನ್ನೊಂದಕ್ಕೆ ಬೇಡ.

ಕೆಲವರು ಉಪ್ಪು ಅಗಿದು ಕಣ್ಣಿಗೆ ಊದುತ್ತಾರೆ, ತಂಬಾಕಿನ ರಸ ಹಿಂಡುತ್ತಾರೆ. ನಮ್ಮ ಕಣ್ಣಿಗೆ ಹಾಕಿಕೊಳ್ಳದ್ದನ್ನು ಮೂಕಪ್ರಾಣಿಯ ಕಣ್ಣಿಗೇಕೆ ಹಾಕಬೇಕು? ಮನೆಯಲ್ಲಿ ಉಳಿದ ಮುಲಾಮನ್ನೂ ಹಚ್ಚಬಾರದು. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಹುಣ್ಣು ಮತ್ತಷ್ಟು ಕೆಡುತ್ತದೆ. ವೈದ್ಯರು ಕೊಡುವ ಆಂಟಿಬಯೋಟಿಕ್ ಮುಲಾಮು ವಿಷಾಣುವನ್ನು ಕೊಲ್ಲುವುದಿಲ್ಲ, ಮೇಲೆ ಸೇರಿದ ಕೀವನ್ನು ತಡೆಯುತ್ತದೆ. ಕಣ್ಣು ಉಳಿಯುವುದು ಅದರಿಂದಲೇ. ಹೇಳಿದಷ್ಟು ದಿನ ಬಿಡದೆ ಹಚ್ಚಿರಿ.

ದನವನ್ನು ಬೇರೆ ಕಟ್ಟಿ ನೆರಳಿನಲ್ಲಿಡಿರಿ, ನೊಗಕ್ಕೆ ಹೂಡಬೇಡಿರಿ. ನೊಣ ಓಡಿಸಲು ಬೇವಿನ ಸೊಪ್ಪಿನ ಹೊಗೆ ಹಾಕುವುದುಂಟು. ಅದು ನೋಯುವ ಕಣ್ಣಿಗೆ ತಾಗದಂತೆ ದೂರದಲ್ಲಿರಲಿ. ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ, ಆರೈಕೆಗೆ ಹೆದರಬೇಕಾಗಿಲ್ಲ. ಕೊಟ್ಟಿಗೆಯಲ್ಲಿರುವ ಉಳಿದ ದನಗಳಿಗೆ ಲಸಿಕೆ ಆಗಿದೆಯೇ ಎಂಬುದನ್ನು ವೈದ್ಯರು ಬಂದಾಗಲೇ ಕೇಳಿಕೊಳ್ಳಿರಿ.