ಮೊದಲು ಬರೆಯಲಿ, ಆಮೇಲೆ ಮಾತಾಡಲಿ

ನೀವು ಟೀಮ್ ಲೀಡರ್. ನಿಮ್ಮ ಕೈಕೆಳಗೆ ಆರು ಜನ. ಮೂವರು ಬೆಂಗಳೂರಲ್ಲಿ, ಒಬ್ಬಳು ಹುಬ್ಬಳ್ಳಿಯ ಮನೆಯಿಂದ, ಇಬ್ಬರು ಲಂಡನ್‌ನಲ್ಲಿ. ಹೊಸ ಐಡಿಯಾ ಬೇಕು ಅಂತ ವಿಡಿಯೊ ಕಾಲ್ ಕರೆಯುತ್ತೀರಿ. ಗಂಟೆಗಟ್ಟಲೆ ಮಾತಾಡಿದವರು ಇಬ್ಬರೇ. ಉಳಿದವರು ಮೈಕ್ ಮ್ಯೂಟ್ ಮಾಡಿ ತಲೆಯಾಡಿಸಿದರು. ಕೊನೆಗೆ ಜೋರು ದನಿಯವರ ಮಾತೇ ಪಾಸಾಯ್ತು. ಇದು ನಿಮ್ಮ ಟೀಮ್ ಕಥೆಯೂ ಹೌದಾ?

ಸುಮ್ಮನಿದ್ದವರ ತಲೆಯಲ್ಲಿ ಏನೂ ಇರಲಿಲ್ಲ ಅಂದುಕೊಳ್ಳಬೇಡಿ. ಹೇಳೋಕೆ ಸಂದು ಸಿಗಲಿಲ್ಲ, ಅಷ್ಟೇ.

ಗುಂಪು ಸೇರಿದರೆ ಸಾಕೇ?

‘ಬ್ರೈನ್‌ಸ್ಟಾರ್ಮಿಂಗ್’ ಅನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಜಾಹೀರಾತು ತಜ್ಞ ಅಲೆಕ್ಸ್ ಆಸ್ಬರ್ನ್. ಟೀಕೆ ಬೇಡ, ವಿಚಿತ್ರ ಅನಿಸಿದ್ದನ್ನೂ ಹೇಳಿ, ಹೆಚ್ಚು ಹೆಚ್ಚು ಹೇಳಿ, ಒಬ್ಬರ ಐಡಿಯಾಕ್ಕೆ ಇನ್ನೊಬ್ಬರು ಸೇರಿಸಿ ಎಂಬುದು ಅವರ ನಿಯಮ. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ಬೇರೆಯದನ್ನೇ ತೋರಿಸಿತು. ಅಷ್ಟೇ ಜನ ಒಂಟಿಯಾಗಿ ಯೋಚಿಸಿ, ಎಲ್ಲರದನ್ನೂ ಒಟ್ಟು ಮಾಡಿದರೆ ಗುಂಪಿಗಿಂತ ಹೆಚ್ಚು ಐಡಿಯಾ ಬರುತ್ತವೆ! ಸರದಿಗಾಗಿ ಕಾಯುವಾಗ ಹೊಳೆದದ್ದು ಮರೆಯುತ್ತದೆ, ಹೊಸದು ಹುಟ್ಟುವುದಿಲ್ಲ.

2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಎದುರೆದುರು ಕುಳಿತ ಜೋಡಿಗಳಿಗಿಂತ ವಿಡಿಯೊದಲ್ಲಿ ಮಾತಾಡಿದ ಜೋಡಿಗಳಿಗೆ ಹೊಳೆದದ್ದು ಕಡಿಮೆ. ಕಣ್ಣು ಪರದೆಗೆ ಅಂಟಿಕೊಂಡರೆ ಯೋಚನೆಯೂ ಅಲ್ಲೇ ಸುತ್ತುತ್ತದೆ. ಆದರೆ ಒಳ್ಳೆಯದನ್ನು ಆರಿಸುವುದರಲ್ಲಿ ವಿಡಿಯೊದವರು ಹಿಂದೆ ಬೀಳಲಿಲ್ಲ. ಅಂದರೆ ಯೋಚಿಸುವುದು ಒಂಟಿಯಾಗಿ, ಆರಿಸುವುದು ವಿಡಿಯೊದಲ್ಲಿ. ಇದೇ ಗುಟ್ಟು.

ಹೀಗೆ ಮಾಡಿ ನೋಡಿ

* ಹಿಂದಿನ ದಿನವೇ ಪ್ರಶ್ನೆ ಕಳಿಸಿ. ‘ಮಾರಾಟ ಹೆಚ್ಚಿಸೋದು ಹೇಗೆ?’ ಅಂದರೆ ಯಾರಿಗೂ ಏನೂ ಹೊಳೆಯದು. ‘ಒಮ್ಮೆ ಕೊಂಡವರು ಮತ್ತೆ ಬರುವಂತೆ ಈ ತಿಂಗಳು ಏನು ಮಾಡಬಹುದು?’ ಅಂತ ಕೇಳಿ.

* ಜರ್ಮನಿಯ ಬರ್ನ್ಡ್ ರೋರ್‌ಬಾಖ್ 1968ರಲ್ಲಿ ಹೇಳಿಕೊಟ್ಟ 6-3-5 ವಿಧಾನ ಬಳಸಿ. ಆರು ಜನ, ಐದು ನಿಮಿಷಕ್ಕೆ ತಲಾ ಮೂರು ಐಡಿಯಾ ಬರೆದು ಹಾಳೆಯನ್ನು ಪಕ್ಕದವರಿಗೆ ದಾಟಿಸುವುದು. ಅರ್ಧ ಗಂಟೆಗೆ 108 ಐಡಿಯಾ! ದೂರ ಇರುವವರಿಗೆ ಗೂಗಲ್ ಶೀಟ್ ಸಾಕು. ಹೆಸರು ಬೇಡ, ವ್ಯಾಕರಣದ ತಪ್ಪು ಹುಡುಕುವುದೂ ಬೇಡ. ಇಂಗ್ಲಿಷ್‌ಗೆ ಅಳುಕುವವರೂ ಧೈರ್ಯವಾಗಿ ಬರೆಯುತ್ತಾರೆ.

* ಹೊತ್ತು ನೋಡಿ ಕರೆಯಿರಿ. ಬೇಸಿಗೆಯಲ್ಲಿ ಲಂಡನ್‌ನ ಮಧ್ಯಾಹ್ನ ಎರಡೂವರೆ ಅಂದರೆ ನಮ್ಮ ಸಂಜೆ ಏಳು. ಕುಕ್ಕರ್ ಕೂಗುವ, ಮಕ್ಕಳ ಹೋಂವರ್ಕ್‌ನ ಹೊತ್ತು. ಎಲ್ಲರೂ ಒಟ್ಟಿಗೆ ಕೂರಲು ಆಗದಿದ್ದರೆ ಬರೆಯೋಕೆ ಒಂದಿಡೀ ದಿನ ಕೊಡಿ, ಅವರವರ ಬಿಡುವಿನಲ್ಲಿ ಬರೆಯಲಿ.

* ತಲಾ ಮೂರು ವೋಟು ಕೊಡಿ. ಹೆಚ್ಚು ವೋಟು ಬಿದ್ದ ಐದನ್ನು ಮಾತ್ರ ವಿಡಿಯೊದಲ್ಲಿ ಚರ್ಚಿಸಿ. ಕಿರಿಯರು ಮೊದಲು, ನೀವು ಕೊನೆಗೆ. ಲೀಡರ್ ಮೊದಲು ಬಾಯಿಬಿಟ್ಟರೆ ಉಳಿದವರು ‘ಹೌದು ಮೇಡಂ’ ಅಂದುಬಿಡುತ್ತಾರೆ.

ಹೆಸರು ಮರೆಯಬೇಡಿ

ಆಯ್ಕೆ ಮುಗಿದ ಮೇಲೆ ‘ಇದು ಯಾರದು?’ ಅಂತ ಕೇಳಿ, ಆ ಹೆಸರನ್ನು ಬಾಸ್‌ಗೆ ಕಳಿಸುವ ಮೇಲ್‌ನಲ್ಲಿ ಬರೆಯಿರಿ. ಹುಬ್ಬಳ್ಳಿಯ ಹುಡುಗಿ ಕೊಟ್ಟ ಐಡಿಯಾಕ್ಕೆ ಅಪ್ರೈಸಲ್ ಹೊತ್ತಿಗೆ ಬೇರೆಯವರು ವಾರಸುದಾರರಾದರೆ, ಮುಂದಿನ ಸಲ ಅವಳ ಮೈಕ್ ಮ್ಯೂಟ್‌ನಲ್ಲೇ ಇರುತ್ತದೆ. ತಪ್ಪು ಅವಳದಲ್ಲ.