ಕಡಲಡಿಯ ಕಂಪನಕ್ಕೂ ಲೆಕ್ಕ ಬೇಕು

2012ರ ಏಪ್ರಿಲ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ ಸಾಗರತಳದಲ್ಲಿ 8.6 ಪ್ರಮಾಣದ ಭೂಕಂಪ ಸಂಭವಿಸಿದಾಗ, ಸುಮಾರು 2,000 ಕಿ.ಮೀ. ದೂರದ ಬೆಂಗಳೂರಿನ ಬಹುಮಹಡಿ ಕಟ್ಟಡಗಳಿಂದಲೂ ಜನರು ಗಾಬರಿಗೊಂಡು ಹೊರಬಂದಿದ್ದರು. ಹೇಳಿಕೊಳ್ಳುವಂಥ ಹಾನಿ ನಗರಕ್ಕೆ ಆಗಲಿಲ್ಲ. ಕಂಪನದ ಶಕ್ತಿ ದಾರಿಯಲ್ಲಿ ಎಷ್ಟು ಕರಗುತ್ತದೆ, ಎಷ್ಟು ಉಳಿಯುತ್ತದೆ ಎಂಬುದನ್ನು ಅಳೆಯುವುದು ಭೂಕಂಪಶಾಸ್ತ್ರದ ಒಂದು ಮುಖ್ಯ ಕಾರ್ಯ.

ಅಲೆಯು ದೂರ ಸಾಗಿದಂತೆ ಹರಡಿಕೊಂಡು ಕ್ಷೀಣಿಸುತ್ತದೆ. ಜೊತೆಗೆ ಶಿಲೆಯೂ ಅದರ ಶಕ್ತಿಯನ್ನು ಹೀರಿ ಶಾಖವಾಗಿಸುತ್ತದೆ. ಈ ನಷ್ಟವನ್ನು ವಿಜ್ಞಾನಿಗಳು ‘ಕ್ಯೂ’ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಕ್ಯೂ 100 ಇದ್ದರೆ ಅಲೆಯ ಪ್ರತಿ ಆವರ್ತಕ್ಕೆ ಸುಮಾರು ಶೇ 6ರಷ್ಟು ಶಕ್ತಿ ನಷ್ಟ. 1,000 ಇದ್ದರೆ ಶೇ 0.6 ಮಾತ್ರ. ಚಕ್ರಬಡ್ಡಿಯನ್ನು ತಿರುವುಮುರುವು ಮಾಡಿದಂತಹ ಲೆಕ್ಕವಿದು. ಕ್ಷಿಪ್ರವಾಗಿ ಕಂಪಿಸುವ ಅಲೆಗೆ ಅದೇ ದೂರದಲ್ಲಿ ಆವರ್ತಗಳು ಹೆಚ್ಚಾದ್ದರಿಂದ ಅದು ಬೇಗ ಸೊರಗುತ್ತದೆ. ನಿಧಾನಗತಿಯ ಕಂಪನವು ಬಹುದೂರ ಸಾಗಿ ಎತ್ತರದ ಕಟ್ಟಡಗಳನ್ನು ತೂಗುತ್ತದೆ.

ಅಂಡಮಾನ್ ಸಮುದ್ರದ ತಳದಲ್ಲಿ ಈ ಲೆಕ್ಕ ಜಟಿಲವಾದುದು. ಪಶ್ಚಿಮದಿಂದ ಭಾರತೀಯ ಫಲಕವು ದ್ವೀಪಗಳ ಕೆಳಗೆ ನುಸುಳುತ್ತಿದೆ. ಆ ತಣ್ಣನೆಯ, ಗಟ್ಟಿ ಫಲಕ ಅಲೆಗಳನ್ನು ಕಡಿಮೆ ನಷ್ಟದಲ್ಲಿ ಒಯ್ಯುತ್ತದೆ. ಪೂರ್ವದಲ್ಲಿ ಬ್ಯಾರನ್ ದ್ವೀಪದ ಜೀವಂತ ಜ್ವಾಲಾಮುಖಿಯಿದೆ; ಅದರಾಚೆ ಸಾಗರತಳವೇ ಬಿರಿದು ಹಿಗ್ಗುತ್ತಿದೆ. ಅಲ್ಲಿನ ಬಿಸಿ ಶಿಲೆ ಅಲೆಗಳ ಶಕ್ತಿಯನ್ನು ನುಂಗುತ್ತದೆ. ಅನ್ಯ ಪ್ರದೇಶದ ಸಂಖ್ಯೆಯನ್ನು ಎರವಲು ತಂದು ಇಲ್ಲಿಗೆ ಅನ್ವಯಿಸಲಾಗದು.

ಮುಖ್ಯ ಅಲೆಗಳು ಹಾದುಹೋದ ಬಳಿಕ ದಾಖಲೆಯಲ್ಲಿ ಉಳಿಯುವ ಕಂಪನದ ಬಾಲ, ಅಂದರೆ ‘ಕೋಡಾ’, ಎಷ್ಟು ಬೇಗ ಅಡಗುತ್ತದೆ ಎಂಬುದರಿಂದ ಕ್ಯೂ ಕಂಡುಕೊಳ್ಳುವ ಮಾರ್ಗವನ್ನು ಕೇಯಿಚಿ ಅಕಿ ಮತ್ತು ಬರ್ನಾರ್ಡ್ ಶುಯೆ 1975ರಲ್ಲಿ ವಿಶದಪಡಿಸಿದರು. ಇದಕ್ಕೆ ಸಣ್ಣ ಕಂಪನಗಳೇ ಸಾಕು. ಆದರೆ ಉಪಕರಣಗಳು ದ್ವೀಪಗಳ ಕಿರಿದಾದ ಸಾಲಿನಲ್ಲಷ್ಟೇ ಇದ್ದರೆ ಕಡಲಡಿಯ ಬಹುಭಾಗ ಲೆಕ್ಕದಿಂದ ಹೊರಗುಳಿಯುತ್ತದೆ. ಸಾಗರತಳಕ್ಕೇ ಮಾಪಕಗಳನ್ನು ಇಳಿಸಿ, ತಿಂಗಳುಗಟ್ಟಲೆ ಬಿಟ್ಟು, ಮರಳಿ ಮೇಲೆತ್ತಬೇಕು. ಅದು ದುಬಾರಿ ಕೆಲಸ.

2004ರ ಡಿಸೆಂಬರ್ 26ರ ದುರಂತದ ನಂತರ, 2007ರಲ್ಲಿ ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಸುನಾಮಿಯ ವಿಷಯದಲ್ಲಿ ಎಚ್ಚರಿಸಲು ಕೆಲ ನಿಮಿಷಗಳಾದರೂ ದೊರೆಯಬಹುದು. ಸಮೀಪದ ಭೂಕಂಪದ ಅಲುಗಾಟ ಅಷ್ಟು ಕಾಲಾವಕಾಶ ಕೊಡದು. ಅಲ್ಲಿ ಕಾಪಾಡುವುದು ಕಟ್ಟಡದ ಬಲವೊಂದೇ. ಗ್ರೇಟ್ ನಿಕೋಬಾರ್ ದ್ವೀಪದಲ್ಲಿ ಬಂದರು, ವಿಮಾನ ನಿಲ್ದಾಣ ಹಾಗೂ ಪಟ್ಟಣ ನಿರ್ಮಿಸುವ ಯೋಜನೆಗೆ 2022ರಲ್ಲಿ ಪರಿಸರ ಅನುಮತಿ ದೊರೆತಿದೆ. ಅಲೆಗಳ ನಷ್ಟವನ್ನು ಅತಿಯಾಗಿ ಅಂದಾಜಿಸಿದರೆ ದುರ್ಬಲ ಕಟ್ಟಡಗಳು ಏಳುತ್ತವೆ. ಕಡಿಮೆ ಅಂದಾಜಿಸಿದರೆ ಸಾರ್ವಜನಿಕ ಹಣ ವ್ಯರ್ಥವಾಗುತ್ತದೆ. ಇಂತಹ ಮಾಪನದ ಲಾಭ ಎಲ್ಲರಿಗೂ ಸಲ್ಲುವುದರಿಂದ ಯಾವ ಖಾಸಗಿ ಹೂಡಿಕೆದಾರನೂ ಅದರ ವೆಚ್ಚ ಹೊರಲು ಮುಂದಾಗುವುದಿಲ್ಲ. ಆದುದರಿಂದ ದ್ವೀಪಗಳ ನಿರ್ಮಾಣ ವೆಚ್ಚದ ಒಂದು ಸಣ್ಣ ಪಾಲನ್ನು ಸಾಗರತಳದ ಮಾಪನಕ್ಕೆ ಸರ್ಕಾರವೇ ಮೀಸಲಿಡುವುದು ಸೂಕ್ತ. ಅಡಿಪಾಯ ಹಾಕುವ ಮೊದಲೇ ಆ ಸಂಖ್ಯೆಗಳು ಎಂಜಿನಿಯರುಗಳ ಕೈಸೇರಬೇಕು.